ಅಗ್ಗದ ಎಂಜಿನ್ನಿನ ಲೆಕ್ಕ ತಪ್ಪಿದೆ

ಗಾಳ ಹಾಕಲು ಹೋಗುವ ಹವ್ಯಾಸಿಗಳ ದೋಣಿಗೆ ಹಳೆಯ ಲಾರಿಯ ಡೀಸೆಲ್ ಎಂಜಿನ್ ಸಾಕು, ಅಗ್ಗ, ಬಿಡಿಭಾಗವೂ ಸುಲಭ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಬಿಡಿಭಾಗದ ಮಾತು ಸರಿ. ಮಲ್ಪೆಯ ಬೋಟುಗಳಲ್ಲೂ ಲಾರಿ ಮೂಲದ ಎಂಜಿನ್‌ಗಳಿವೆ. ಆದರೆ ಅವು ಕಡಲಿಗೆಂದು ಮಾರ್ಪಡಿಸಿದವು. ಲೇಖಕರು ಅದನ್ನೇ ನುಂಗಿಬಿಟ್ಟಿದ್ದಾರೆ!

ಲಾರಿ ಇಳಿಜಾರಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಕಡಲಲ್ಲಿ ಇಳಿಜಾರೆಲ್ಲಿ? ಗಂಟೆಗಟ್ಟಲೆ ಒಂದೇ ಭಾರ, ರೇಡಿಯೇಟರಿಗೆ ಎದುರುಗಾಳಿಯೂ ಇಲ್ಲ. ಹೀಟ್ ಎಕ್ಸ್‌ಚೇಂಜರ್, ನೀರು ತಣಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಉಪ್ಪುನೀರಿನ ಪಂಪು, ಮೆರೀನ್ ಗೇರ್‌ಬಾಕ್ಸ್ ಇವುಗಳ ಬೆಲೆ ಕೂಡಿಸಿದ ಮೇಲೆ ‘ಅಗ್ಗ’ ಎಷ್ಟು ಉಳಿಯುತ್ತದೆ? ಪ್ರೊಪೆಲ್ಲರ್ ವಿಷಯವನ್ನಂತೂ ಲೇಖನ ಮುಟ್ಟಿಯೇ ಇಲ್ಲ. ಅದು ಎಂಜಿನ್ನಿಗೆ ಮಿತಿಮೀರಿ ದೊಡ್ಡದಾದರೆ ಪೂರ್ತಿ ಥ್ರಾಟಲ್ ಕೊಟ್ಟರೂ ನಿಗದಿತ ಆರ್‌ಪಿಎಂ ಬಾರದು, ಕಪ್ಪು ಹೊಗೆಯಷ್ಟೇ ಬರುತ್ತದೆ.

ಕೊಳ್ಳುವವರು ಬೆಲೆಗೆ ಮುಂಚೆ ಕಂಟಿನ್ಯೂಯಸ್ ರೇಟಿಂಗ್, ಅಂದರೆ ಎಂಜಿನ್ ಗಂಟೆಗಟ್ಟಲೆ ಎಡೆಬಿಡದೆ ಕೊಡಬಲ್ಲ ಶಕ್ತಿ ಎಷ್ಟೆಂದು ಕೇಳಲಿ.