ನಾಟಕ ನೋಡುವವರೇ ಇಲ್ಲವಾದರೆ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ನಾಟಕದ ಕರಪತ್ರಗಳು ಈಗಲೂ ಕೈಗೆ ಬರುತ್ತವೆ. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ರಕ್ತರಾತ್ರಿ’, ‘ದಕ್ಷಯಜ್ಞ’ ಎಂಬ ಹೆಸರುಗಳು ಹೋಟೆಲಿನ ಗೋಡೆಯ ಮೇಲೆ, ಬಸ್ ನಿಲ್ದಾಣದ ಕಂಬದ ಮೇಲೆ ಕಾಣುತ್ತವೆ. ಇದನ್ನು ನೋಡಿ ನಮ್ಮ ಸೀಮೆಯ ರಂಗಭೂಮಿ ಗಟ್ಟಿಯಾಗಿದೆ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ಪಾರ್ಟು ಮಾಡುವವರಿದ್ದಾರೆ, ಹಾರ್ಮೋನಿಯಂ ಮೇಷ್ಟ್ರಿದ್ದಾರೆ, ಸೀನರಿ ಕಟ್ಟುವವರಿದ್ದಾರೆ. ಎದುರಿಗೆ ಕೂತು ನೋಡಬೇಕಾದ ಊರು ಮಾತ್ರ ಎದ್ದು ಹೋಗುತ್ತಿದೆ. ನಡುರಾತ್ರಿಯ ಹೊತ್ತಿಗೆ ಉಳಿಯುವವರು ಬಣ್ಣ ಹಚ್ಚಿದವರ ಮನೆಯವರು, ನೆಂಟರು, ಒಂದಷ್ಟು ಮುದುಕರು. ಅವರೂ ತಮ್ಮವನ ಪಾರ್ಟು ಮುಗಿದೊಡನೆ ಕಂಬಳಿ ಕೊಡವಿಕೊಂಡು ಹೊರಡುತ್ತಾರೆ.

ಈ ಕುಸಿತ ಇಷ್ಟು ದಿನ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ನಮ್ಮ ಹಳ್ಳಿ ನಾಟಕಗಳ ಲೆಕ್ಕಾಚಾರದಲ್ಲೇ ಇದೆ. ಇಲ್ಲಿ ಪೌರಾಣಿಕ ನಾಟಕಕ್ಕೆ ಟಿಕೆಟ್ ಇಲ್ಲ. ಪಾತ್ರಧಾರಿಗಳೇ ಪಾರ್ಟಿಗೆ ತಕ್ಕಂತೆ ಹಣ ಹಾಕುತ್ತಾರೆ. ದುರ್ಯೋಧನನಿಗೆ ಒಂದು ದರ, ಕೃಷ್ಣನಿಗೆ ಒಂದು, ದೂತನಿಗೆ ಇನ್ನೊಂದು. ಮೇಷ್ಟ್ರ ಸಂಭಾವನೆ, ಡ್ರೆಸ್ಸು, ಶಾಮಿಯಾನ, ಮೈಕ್‌ಸೆಟ್, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರ ಗೌರವಧನ ಎಲ್ಲವೂ ಅದರಿಂದಲೇ. ಟಿಕೆಟ್ ನಂಬಿದ ನಾಟಕ ಕಂಪನಿಗೆ ಪ್ರೇಕ್ಷಕ ಬರದಿದ್ದರೆ ವಾರದೊಳಗೇ ಗೊತ್ತಾಗುತ್ತಿತ್ತು, ಕ್ಯಾಂಪು ಎತ್ತಬೇಕಾಗುತ್ತಿತ್ತು. ಹಳ್ಳಿಯ ನಾಟಕಕ್ಕೆ ಆ ಪೆಟ್ಟು ತಟ್ಟುವುದಿಲ್ಲ. ಬಯಲು ಖಾಲಿಯಾದರೂ ಆಟ ನಡೆಯುತ್ತದೆ, ಮುಂದಿನ ವರ್ಷವೂ ನಡೆಯುತ್ತದೆ. ಇಂದು ಸಾಲ ಮಾಡಿಯಾದರೂ ಭೀಮನ ಪಾರ್ಟು ಹಿಡಿಯುವ ಐವತ್ತು ಅರವತ್ತರ ರೈತ, ಹುಡುಗನಾಗಿದ್ದಾಗ ಚಾಪೆ ಹಾಸಿಕೊಂಡು ಮುಂದಿನ ಸಾಲಿನಲ್ಲಿ ಕೂತು ಭೀಮನನ್ನು ನೋಡಿದವನು. ಆ ಹುಚ್ಚು ಹಿಡಿದದ್ದು ಅಲ್ಲಿ. ಇವತ್ತು ಆ ಸಾಲಿನಲ್ಲಿ ಹತ್ತು ವರ್ಷದ ಮಕ್ಕಳು ಎಷ್ಟು ಜನ ಕೂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ. ಇನ್ನು ಮೂವತ್ತು ವರ್ಷಕ್ಕೆ ಪಾರ್ಟು ಕೇಳಿಕೊಂಡು ಬರುವವರು ಯಾರು?

ಈ ಸೀಮೆಗೆ ನಾಟಕದ ನಂಟು ಹೊಸದಲ್ಲ. ಬೆಂಗಳೂರಿನಿಂದ ಹೊರಟ ರೈಲು ಹಳಿ 1889ರಲ್ಲಿ ಹರಿಹರ ಮುಟ್ಟಿತು. ಗುಬ್ಬಿ, ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರ, ದಾವಣಗೆರೆ ಎಲ್ಲವೂ ಆ ಒಂದೇ ದಾರಿಯ ಮೇಲಿನ ಊರುಗಳು. ಬೀರೂರಿನಿಂದ ಕವಲೊಡೆದ ಹಳಿ ತರೀಕೆರೆಯ ಮೇಲೆ ಹಾದು ಶಿವಮೊಗ್ಗಕ್ಕೆ ಹೋಯಿತು. ದಾರಿಯ ಒಂದು ತುದಿಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ವೀರಣ್ಣನವರು ನಾಡಿಗೇ ದೊಡ್ಡದಾಗಿ ಬೆಳೆಸಿದರು. 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಇನ್ನೊಂದು ತುದಿಯ ದಾವಣಗೆರೆಯಲ್ಲಿ ಚಿಂದೋಡಿ ಮನೆತನದ ಕಂಪನಿ ಬೆಳೆಯಿತು. ಉತ್ತರ ಕರ್ನಾಟಕದ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಶಕುನಿ ನಮ್ಮ ಹಳ್ಳಿಗಳಲ್ಲೂ ಮನೆಮಾತಾದ. ದಕ್ಷಿಣದ ಕಂದ, ಸೀಸ ಪದ್ಯಗಳ ಹಾಡುಗಾರಿಕೆ ಮತ್ತು ಉತ್ತರದ ಗಡಸು ಮಾತುಗಾರಿಕೆ ಎರಡನ್ನೂ ಬಲ್ಲ ಪ್ರೇಕ್ಷಕ ಈ ನಡುನಾಡಿನವನು. ಎರಡು ಕಡೆಯ ರುಚಿಯೂ ಒಂದೇ ಕಿವಿಗೆ ಹತ್ತಿದ್ದ ಇಂಥ ಸೀಮೆಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಆ ಕಿವಿ ಹೋದರೆ ಏನು ಹೋಗುತ್ತದೆ ಎಂದು ಕೇಳುವವರು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ಬರಲಿ. 1196ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನ ಕವಿ ಜನ್ನನ ರಚನೆ. ಮುಖಮಂಟಪದ ಹೊರಗೋಡೆಯ ಸುತ್ತ ಸುಮಾರು 140 ಕಲ್ಲಿನ ಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಭಾಗವತ ಮತ್ತು ಮಹಾಭಾರತ. ಈ ಫಲಕಗಳ ಕೆಳಗೆ ವಿವರಣೆಯ ಬೋರ್ಡು ಹಾಕುವ ಅಗತ್ಯ ಹಿಂದಿನವರಿಗೆ ಇರಲಿಲ್ಲ. ಅಕ್ಷರ ಬಾರದ ಅಜ್ಜಿಯೂ ಬೆರಳಿಟ್ಟು ಇವನು ದುಶ್ಶಾಸನ, ಇದು ದ್ರೌಪದಿಯ ಸೀರೆ ಎಂದು ಮೊಮ್ಮಗನಿಗೆ ತೋರಿಸುತ್ತಿದ್ದಳು. ಹರಿಕಥೆಯಲ್ಲಿ, ಬಯಲಾಟದಲ್ಲಿ, ನಾಟಕದಲ್ಲಿ ಆಕೆ ಅದನ್ನು ಕಂಡಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ಎರಡು ತಿಂಗಳು ತಾಲೀಮಿಗೆ ಬಂದು, ಗ್ರಾಂಥಿಕ ಕನ್ನಡದ ಮಾರುದ್ದದ ಮಾತುಗಳನ್ನು ಉಸಿರು ಮುರಿಯದೆ ಒಪ್ಪಿಸುವುದನ್ನು ಕಲಿಯುತ್ತಿದ್ದ. ಎದುರಿಗೆ ಕೂತವರು ಅವನು ಒಂದು ಪದ ತಪ್ಪಿದರೂ ಹಿಡಿಯುತ್ತಿದ್ದರು. ಯಾವ ಸರ್ಕಾರವೂ ನಡೆಸದ ಕನ್ನಡ ಶಾಲೆ ಅದು. ಅದರ ಹಾಜರಿ ಈಗ ಬಿದ್ದುಹೋಗಿದೆ.

ಮೊಬೈಲು, ಧಾರಾವಾಹಿ ಎಂದು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪ್ರೇಕ್ಷಕರನ್ನು ಓಡಿಸಿದ್ದರಲ್ಲಿ ನಾಟಕ ಆಡಿಸುವವರ ಪಾಲೂ ಇದೆ. ಕರಪತ್ರದಲ್ಲಿ ಎಂಟು ಗಂಟೆ ಎಂದಿರುತ್ತದೆ. ಉದ್ಘಾಟನೆಗೆ ಬರಬೇಕಾದ ಗಣ್ಯರು ಹತ್ತಕ್ಕೆ ಬರುತ್ತಾರೆ. ಭಾಷಣ, ಶಾಲು, ಹಾರ, ಸ್ಮರಣಿಕೆ ಮುಗಿಯುವಷ್ಟರಲ್ಲಿ ಮಕ್ಕಳು ತಾಯಂದಿರ ಮಡಿಲಲ್ಲಿ ಮಲಗಿರುತ್ತಾರೆ. ಆಮೇಲೆ ಆಟದ ನಡುವೆ ಮತ್ತೆ ಹಾರ, ಮುಯ್ಯಿ, ಮೈಕಿನಲ್ಲಿ ದಾನಿಗಳ ಹೆಸರು. ಜನ ನಿಲ್ಲಲಿ ಎಂದು ದೃಶ್ಯದಿಂದ ದೃಶ್ಯಕ್ಕೆ ಸಿನಿಮಾ ಹಾಡಿನ ಕುಣಿತ. ಆ ಕುಣಿತಕ್ಕೆ ಸೇರುವ ಗದ್ದಲಕ್ಕೂ ಕುಡಿದವರ ಕೇಕೆಗೂ ಬೇಸತ್ತು ಹೆಂಗಸರು ಮನೆಯಲ್ಲೇ ಉಳಿದರು. ಹೆಂಗಸರು ಬಿಟ್ಟ ಮೇಲೆ ಮಕ್ಕಳೂ ಬಿಟ್ಟರು. ಇದು ಯಾವ ದೂರದರ್ಶನವೂ ಮಾಡಿದ ಹಾನಿಯಲ್ಲ.

ಕಾನೂನಿನ ಮಾತನ್ನೂ ನೇರವಾಗಿ ಆಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ಹನ್ನೆರಡರವರೆಗೆ ಸಡಿಲಿಸಲು ಸರ್ಕಾರಕ್ಕೆ ಅವಕಾಶವಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಮುಚ್ಚಿದ ಸಭಾಂಗಣಗಳಿಗೆ ಈ ತಡೆ ಇಲ್ಲ. ಹಾಗಿದ್ದರೂ ನಮ್ಮ ಸಂಘಗಳು ಹತ್ತು ಗಂಟೆಗೆ ಆಟ ಶುರುಮಾಡಿ, ನಡುವೆ ಪೊಲೀಸರು ಬಂದರೆ ಸಂಸ್ಕೃತಿಗೆ ಅವಮಾನವಾಯಿತು ಎಂದು ಕೂಗುತ್ತವೆ. ಮನೆಯಲ್ಲಿ ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಇರುವಾಗ ಈ ನಿಯಮ ತಪ್ಪೆಂದು ನಾವು ಹೇಳಲಾರೆವು. ಸಂಜೆ ಆರಕ್ಕೆ ಪರದೆ ಎದ್ದರೆ, ಬಲ್ಲ ಮೇಷ್ಟ್ರೊಬ್ಬರು ಕೂತು ಆಟವನ್ನು ನಾಲ್ಕು ಗಂಟೆಗೆ ಹದವಾಗಿ ಇಳಿಸಿದರೆ, ‘ಕುರುಕ್ಷೇತ್ರ’ದ ತೂಕ ಕಡಿಮೆಯಾಗುವುದಿಲ್ಲ. ಕತ್ತರಿಸಬೇಕಾದದ್ದು ಮೊದಲು ಸನ್ಮಾನಗಳನ್ನು.

ಜನ ನಾಟಕ ನೋಡುವುದೇ ಇಲ್ಲ ಎಂಬ ಮಾತು ಸುಳ್ಳು ಎನ್ನುವುದಕ್ಕೆ ಸಾಕ್ಷಿ ಅಜ್ಜಂಪುರದ ಪಕ್ಕದ ಹೊಸದುರ್ಗ ತಾಲ್ಲೂಕಿನಲ್ಲೇ ಇದೆ. ಸಾಣೇಹಳ್ಳಿ ಎಂಬ ಪುಟ್ಟ ಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಲ್ಲಿ ಶಿವಸಂಚಾರ ತಿರುಗಾಟ ಶುರುಮಾಡಿದರು. ಪ್ರತಿ ನವೆಂಬರಿನ ನಾಟಕೋತ್ಸವಕ್ಕೆ ಸುತ್ತಿನ ಹಳ್ಳಿಗಳ ಜನ ಸಂಸಾರಸಮೇತ ಬಂದು ಬಯಲು ರಂಗಮಂದಿರ ತುಂಬುತ್ತಾರೆ, ಸದ್ದಿಲ್ಲದೆ ಕೂತು ನೋಡುತ್ತಾರೆ. ಆ ಜನ ನಮ್ಮ ಜನವೇ. ಅದೇ ಮಳೆ ನಂಬಿದ, ಅದೇ ರಾಗಿ ಬೆಳೆಯುವ ಒಕ್ಕಲು. ಅಲ್ಲಿ ಹೇಳಿದ ಹೊತ್ತಿಗೆ ಆಟ ಶುರುವಾಗುತ್ತದೆ, ನೋಡಲು ಬಂದವರಿಗೆ ಮರ್ಯಾದೆ ಇದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನಾಟಕ ಕಲಿಸಿದಷ್ಟೇ ಶ್ರದ್ಧೆಯಿಂದ ನೋಡುವುದನ್ನೂ ಊರಿಗೆ ಕಲಿಸಿದರು. ಪ್ರೇಕ್ಷಕರನ್ನು ಬೆಳೆಸಬೇಕು, ಅದಕ್ಕೆ ವರ್ಷಗಳು ಬೇಕು.

ಸರ್ಕಾರದ ಧನಸಹಾಯ ಆಡುವ ಸಂಘಗಳಿಗೆ ಹೋಗುತ್ತದೆ, ನೋಡುವವರಿಗೆಂದು ಬರುವುದು ಅಪರೂಪ. ಪ್ರಾಚೀನ ಅಥೆನ್ಸ್ ನಗರ ತನ್ನ ಪ್ರಜೆಗಳು ನಾಟಕ ನೋಡಲೆಂದು ಖಜಾನೆಯಿಂದ ಹಣ ಹಂಚುತ್ತಿತ್ತು. ನಮಗೆ ಅಷ್ಟು ದೂರ ಹೋಗುವುದು ಬೇಡ. ಜಿಲ್ಲಾ ಆಡಳಿತ ಮತ್ತು ಕನ್ನಡ ಸಂಸ್ಕೃತಿ ಇಲಾಖೆ ಸೇರಿ ಮೂರೂ ತಾಲ್ಲೂಕುಗಳ ಪ್ರೌಢಶಾಲೆ ಮಕ್ಕಳನ್ನು ವರ್ಷಕ್ಕೆರಡು ಸಲ ಬಸ್ಸಿನಲ್ಲಿ ಕರೆತಂದು ಒಂದು ಒಳ್ಳೆಯ ಹಳ್ಳಿ ನಾಟಕ ತೋರಿಸಲಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನದು. ಅವರ ‘ಜಲಗಾರ’ವನ್ನೋ ‘ಬೆರಳ್‌ಗೆ ಕೊರಳ್’ ಅನ್ನೋ ರಂಗದ ಮೇಲೆ ಕಾಣದೆ ಈ ಜಿಲ್ಲೆಯ ಮಗುವೊಂದು ಹತ್ತನೇ ತರಗತಿ ದಾಟುವುದು ನಾಚಿಕೆಯ ಸಂಗತಿ. ಈಚೆಗೆ ತಾಲ್ಲೂಕಾದ ಅಜ್ಜಂಪುರವೂ ಸೇರಿ ಮೂರೂ ಕಡೆ, ಮದುವೆಗೂ ಸಭೆಗೂ ಬಿಟ್ಟುಕೊಡದೆ ನಾಟಕಕ್ಕೇ ಮೀಸಲಿಟ್ಟ, ಕೊನೆಯ ಸಾಲಿಗೂ ಮಾತು ಕೇಳಿಸುವ ರಂಗಮಂದಿರವಿರಲಿ.

ಓದು ಬಲ್ಲ ನಮ್ಮ ಪಟ್ಟಣದವರಿಗೂ ಒಂದು ಮಾತು. ಬೆಂಗಳೂರಿಗೆ ಹೋದಾಗ ರಂಗಶಂಕರದಲ್ಲಿ ಟಿಕೆಟ್ ಕೊಂಡು ಸಾಲಿನಲ್ಲಿ ನಿಲ್ಲುವವರು, ಯಗಟಿಯಲ್ಲೋ ಸಿಂಗಟಗೆರೆಯಲ್ಲೋ ಆಟವಿದ್ದರೆ ಅದು ಹಳ್ಳಿಯವರದ್ದು ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ಶ್ರುತಿ ತಪ್ಪುತ್ತದೆ, ಕಿರೀಟ ಜಾರುತ್ತದೆ, ನಿಜ. ಹಗಲು ಹೊಲದಲ್ಲಿ ದುಡಿದು ರಾತ್ರಿ ಕರ್ಣನಾಗುವವನಿಗೆ, ತಪ್ಪನ್ನು ತಪ್ಪೆಂದು ಹೇಳಬಲ್ಲ ಪ್ರೇಕ್ಷಕ ಎದುರಿಗೆ ಬೇಕು. ನೆಂಟರ ಚಪ್ಪಾಳೆಯಿಂದ ಅವನು ತಿದ್ದಿಕೊಳ್ಳಲಾರ. ಬರುವ ಅಂತರಘಟ್ಟೆ ಜಾತ್ರೆಯ ಹೊತ್ತಿಗೆ ಪಾನಕದ ಗಾಡಿಗಳು ಹೊರಡುವಾಗ ಈ ಸೀಮೆಯಲ್ಲಿ ನಾಟಕಗಳ ತಾಲೀಮೂ ನಡೆದಿರುತ್ತದೆ. ಸಂಘಗಳು ಈಗಲೇ ಕೂತು ಶುರುವಾಗುವ ಗಂಟೆಯನ್ನು ಗೊತ್ತುಮಾಡಿ, ಕರಪತ್ರದಲ್ಲಿ ಗಣ್ಯರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅದನ್ನು ಅಚ್ಚುಹಾಕಿಸಲಿ. ಆ ಗಂಟೆಗೆ ಮನೆಯ ಮಕ್ಕಳ ಕೈಹಿಡಿದು ಹೋಗಿ ಮುಂದಿನ ಸಾಲಿನಲ್ಲಿ ಕೂರುವುದು ಓದುಗರ ಪಾಲಿನ ಕೆಲಸ.