ಹೆಳವರ ಪುಸ್ತಕದಲ್ಲಿ ನಮ್ಮವ್ವನ ಹೆಸರಿಲ್ಲ

ಬರೆದು ಬಹಳ ದಿನವಾಗಿತ್ತು. ಕೆಲಸ, ಊರು, ಮತ್ತೆ ಕೆಲಸ... ಇವತ್ತು ಬರೆಯಲೇಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :)

ನಮ್ಮೂರು ಹೊರಕೆರೆದೇವಪುರ. ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು. ಬಸ್ಸಿನ ಬೋರ್ಡಿನಲ್ಲಿ, ಜನರ ಬಾಯಲ್ಲಿ ಎಚ್.ಡಿ.ಪುರ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವುದು ಅವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಕಾಲಿಗೆ ಕಂಬಳಿ ಹೊದ್ದು ಕೂತು ಬರುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಬಸ್ಸಿಳಿದು ಬರುತ್ತಿದ್ದರು. ಜಗಲಿ ಮೇಲೆ ಕೂತು ಪುಸ್ತಕ ಬಿಚ್ಚಿ, ನಮ್ಮಪ್ಪ, ಅವರಪ್ಪ, ಅವರಜ್ಜ, ಮೂಲ ಯಾವ ಊರು, ಅಲ್ಲಿಂದ ಯಾಕೆ ಬಂದರು ಎಲ್ಲಾ ರಾಗವಾಗಿ ಓದುವುದು. ಆ ವರ್ಷ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸುವುದು. ರಾಗಿಯೋ ದುಡ್ಡೋ ಪಡೆದು ಮುಂದಿನ ಮನೆಗೆ ಹೋಗುವುದು.

ಒಮ್ಮೆ ಕೇಳಿದ್ದೆ, "ನಮ್ಮವ್ವನ ಹೆಸರು ಎಲ್ಲಿದೆ?" ಅಂತ. ಆತ ನಕ್ಕು, "ಹೆಣ್ಣುಮಕ್ಕಳನ್ನ ನಾವು ಬರಿಯಲ್ಲ ಸಾಮಿ" ಅಂದ. ಅವ್ವ ಒಳಗೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುವ ಸದ್ದು ಒಂದು ಕ್ಷಣ ನಿಂತಿದ್ದು ಈಗಲೂ ನೆನಪಿದೆ.

ಅವ್ವ ಯಾರ ಮಗಳು ಅನ್ನುವುದು ಅವ್ವನಿಗೇ ಗೊತ್ತಿಲ್ಲ. 1965-66ರ ಬರಗಾಲ. ಕೂಲಿ ಹುಡುಕಿಕೊಂಡು ಭದ್ರಾ ನಾಲೆ ಕಡೆ ಹೊರಟಿದ್ದ ಒಂದು ಗುಂಪು ನಮ್ಮೂರಲ್ಲಿ ಎರಡು ದಿನ ಉಳಿದಿತ್ತಂತೆ. ಜ್ವರ ಬಂದ ಎರಡು ವರ್ಷದ ಕೂಸನ್ನು ಮಕ್ಕಳಿಲ್ಲದ ನಮ್ಮ ಅಜ್ಜಿಯ ಕೈಗೆ ಕೊಟ್ಟು, "ಬರುವಾಗ ಕರ್ಕೊಂಡು ಹೋಗ್ತೀವಿ" ಅಂದು ಹೋದರಂತೆ. ಅಷ್ಟೇ. ಹೆಸರೂ ಅಜ್ಜಿ ಇಟ್ಟಿದ್ದೇ.

ಇದೆಲ್ಲ ಈಗ ಯಾಕೆ ಅಂದರೆ, ನಮ್ಮ ಆಫೀಸಿನ ಡಬ್ಲಿನ್ ಟೀಮಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಅವರ ತಾಯಿಯೂ ದತ್ತು ಹೋದವರು. ಐರ್ಲೆಂಡಿನಲ್ಲಿ ಮದುವೆಯಾಗದೆ ಬಸುರಾದ ಹುಡುಗಿಯರನ್ನು ತಾಯಿ-ಮಗು ಗೃಹಗಳಲ್ಲಿ ಇಟ್ಟು, ಹುಟ್ಟಿದ ಎಷ್ಟೋ ಮಕ್ಕಳನ್ನು ಬೇರೆಯವರಿಗೆ ಕೊಟ್ಟ ಕಾಲವೊಂದಿತ್ತು. ಆ ಗೃಹಗಳ ಬಗ್ಗೆ ತನಿಖಾ ಆಯೋಗದ ವರದಿ 2021ರ ಜನವರಿಯಲ್ಲಿ ಹೊರಬಂತು. ಮಾರನೇ ವರ್ಷ ಅಲ್ಲಿ ಜನನ ಮಾಹಿತಿಯ ಹೊಸ ಕಾನೂನು ಬಂತು. 2022ರ ಅಕ್ಟೋಬರಿನಿಂದ, 16 ವರ್ಷ ತುಂಬಿದ ಯಾವುದೇ ದತ್ತು ವ್ಯಕ್ತಿ ತನ್ನ ಮೂಲ ಜನನ ಪ್ರಮಾಣಪತ್ರ ಕೇಳಿ ಪಡೆಯಬಹುದು. ಹೆತ್ತವರು "ಸಂಪರ್ಕ ಬೇಡ" ಅಂದಿದ್ದರೂ ಪತ್ರ ತಡೆಯುವ ಹಾಗಿಲ್ಲ. ಮೊದಲು ಫೋನಿನಲ್ಲಿ ಅವರ ಇಚ್ಛೆಯನ್ನು ತಿಳಿಸಿ ಹೇಳುತ್ತಾರೆ, ಆಮೇಲೆ ಕೊಡುತ್ತಾರೆ. ಕಾಗದ ನಿನ್ನ ಹಕ್ಕು, ಭೇಟಿ ಇಬ್ಬರ ಒಪ್ಪಿಗೆ. ಎಷ್ಟು ಸರಳ ಅನ್ನಿಸಿತು ನನಗೆ.

ಹಾಗಂತ ಅವರ ದಾಖಲೆಗಳೆಲ್ಲ ಬೆಣ್ಣೆಯಂತೆ ಇವೆ ಅಂದುಕೊಳ್ಳಬೇಡಿ. 1922ರಲ್ಲಿ ಅಂತರ್ಯುದ್ಧ ಶುರುವಾದಾಗ ಡಬ್ಲಿನ್ನಿನ ದಾಖಲೆ ಕಚೇರಿ ಸ್ಫೋಟವಾಗಿ ಬೆಂಕಿ ಬಿದ್ದು ಶತಮಾನಗಳ ಕಾಗದ ಬೂದಿಯಾಯಿತು. ಆದರೂ ಉಳಿದದ್ದನ್ನು ಜೋಪಾನ ಮಾಡಿದರು. 1864ರಿಂದ ಎಲ್ಲರ ಜನನ ನೋಂದಣಿ ಇದೆ. ನೂರು ವರ್ಷ ದಾಟಿದ ಜನನ ದಾಖಲೆ, 1901 ಮತ್ತು 1911ರ ಜನಗಣತಿಯ ಮನೆಮನೆಯ ಹಾಳೆ, ಎಲ್ಲಾ ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಸಹೋದ್ಯೋಗಿಗೆ ತಾಯಿಯ ಪತ್ರದಲ್ಲಿ ಅಜ್ಜಿಯ ಹೆಸರು ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಹೋಗಿ ಅಜ್ಜಿಯ ಅಪ್ಪ 1911ರಲ್ಲಿ ಯಾವ ಮನೆಯಲ್ಲಿದ್ದ ಅನ್ನುವವರೆಗೆ ತಲುಪಿದರು.

ನಾನೂ ಹುಮ್ಮಸ್ಸಿನಿಂದ ಹೊರಟೆ. ಜನನ ದಾಖಲೆ? ನಮ್ಮ ಜನನ ಮರಣ ನೋಂದಣಿ ಕಾಯ್ದೆಯೇ 1969ರದ್ದು, ಅವ್ವ ಅದಕ್ಕಿಂತ ದೊಡ್ಡವಳು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ತಾರೀಖು ಜೂನ್ 1, ನಿಮ್ಮ ಮನೆಯ ಅರ್ಧ ಜನರ ಹಾಗೆ! ಅಪ್ಪನ ಹೆಸರಿನ ಜಾಗದಲ್ಲಿ ನಮ್ಮಜ್ಜ. ದತ್ತು ಪತ್ರ? ಬರೆದೇ ಇಲ್ಲ. ಡಿಎನ್ಎ ಪರೀಕ್ಷೆ ಮಾಡಿಸು ಅಂದರು. ಅದು ಕೆಲಸ ಮಾಡಬೇಕಾದರೆ ಆ ಕಡೆಯ ನೆಂಟರೂ ಪರೀಕ್ಷೆ ಮಾಡಿಸಿರಬೇಕಲ್ಲ? ಕೂಲಿ ಹುಡುಕಿಕೊಂಡು ಹೋದವರ ಮೊಮ್ಮಕ್ಕಳು ಎಂಜಲು ತುಂಬಿ ಅಮೆರಿಕಕ್ಕೆ ಕಳಿಸಿರುತ್ತಾರಾ? ಅವ್ವನಿಗೆ ನೆನಪಿರುವುದು ಒಂದು ಕೆರೆ ಏರಿ, ಒಂದು ಬೇವಿನ ಮರ. ನಮ್ಮ ಸೀಮೆಯಲ್ಲಿ ಅದಿಲ್ಲದ ಊರು ಯಾವುದಿದೆ ಹೇಳಿ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿದೆ. 2022ರ ದತ್ತು ನಿಯಮಾವಳಿಯಲ್ಲಿ ಬೇರು ಹುಡುಕುವ ಅವಕಾಶ ಇದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಚಿಕ್ಕವರಾದರೆ ಸಾಕಿದ ಅಪ್ಪ ಅಮ್ಮನ ಜೊತೆ ಸೇರಿ. ಹೆತ್ತವರು ಹೆಸರು ಹೇಳಬೇಡಿ ಅಂದಿದ್ದರೆ ಅವರ ಒಪ್ಪಿಗೆ ಬೇಕು. ಮೂರನೆಯವರು ಹುಡುಕುವಂತಿಲ್ಲ. ಅಂದರೆ ನಿಯಮದ ಪ್ರಕಾರ ದತ್ತು ಹೋದವರು ತೀರಿಕೊಂಡರೆ ಆ ಪ್ರಶ್ನೆಯೂ ಅವರ ಜೊತೆಗೇ ಮಣ್ಣಾಗುತ್ತದೆ. ಐರ್ಲೆಂಡಿನಲ್ಲಿ ಕೆಲವು ಸಂದರ್ಭದಲ್ಲಿ ಮಕ್ಕಳೂ ಕೇಳಬಹುದು.

ಇನ್ನೊಂದು ತಮಾಷೆ ನೋಡಿ. 1956ರ ಹಿಂದೂ ದತ್ತು ಕಾಯ್ದೆ ಪ್ರಕಾರ ದತ್ತು ಹೋದವರಿಗೆ ಹುಟ್ಟಿದ ಮನೆಯ ನಂಟು ಕಡಿಯುತ್ತದೆ. ಆದರೆ ಹುಟ್ಟಿದ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಆಮೇಲೂ ಮದುವೆಯಾಗುವಂತಿಲ್ಲ. ಸರಿ ಸ್ವಾಮಿ, ಹುಟ್ಟಿದ ಮನೆ ಯಾವುದು ಅಂತಲೇ ಗೊತ್ತಿಲ್ಲದವರು ಈ ಕಾನೂನು ಪಾಲಿಸುವುದು ಹೇಗೆ? ಗೊತ್ತಿರಬೇಕು ಅಂತ ಕಾನೂನೇ ಒಳಗೊಳಗೆ ಒಪ್ಪಿಕೊಂಡ ಹಾಗಾಯಿತಲ್ಲ.

ಐರ್ಲೆಂಡಿನ ಕಾನೂನನ್ನೇ ಇಲ್ಲಿಗೆ ತಂದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಡಬ್ಲಿನ್ನಿನಲ್ಲಿ ಕಾಗದ ಬೇರೆ, ಬಾಗಿಲು ಬೇರೆ. ನಮ್ಮ ಹಳ್ಳಿಯಲ್ಲಿ ಕಾಗದವೇ ಬಾಗಿಲು. ಒಂದು ಹೆಸರು, ಒಂದು ಊರು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು, ಸಂಜೆಯೊಳಗೆ ಇಡೀ ಊರಿಗೆ ಗೊತ್ತು. ಹದಿನೆಂಟಕ್ಕೆ ಹೆತ್ತು ಕೊಟ್ಟು, ಆಮೇಲೆ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಗತಿ ಏನು? ಆಕೆಯ ಅಂಜಿಕೆಯೂ ನಿಜ.

ಆದರೂ ನನ್ನ ಅಭಿಪ್ರಾಯ ಇಷ್ಟು. ಭೇಟಿಗೆ ಒಪ್ಪಿಗೆ ಬೇಕು, ನಡುವೆ ಒಬ್ಬ ನಂಬಿಕಸ್ತರು ಇರಬೇಕು, ನಿಜ. ಆದರೆ ದಾಖಲೆ ಇರಲೇಬೇಕು. ಅದನ್ನು ಸುಡುವ, ತಿದ್ದುವ, ಬರೆಯದೇ ಬಿಡುವ ಹಕ್ಕು ಯಾರಿಗೂ ಇಲ್ಲ, ಪ್ರೀತಿಯಿಂದ ಸಾಕಿದವರಿಗೂ. ಹೆಸರು ಕೊಡಲಾಗದಿದ್ದರೆ ಬೇಡ. ಹೆತ್ತವರಿಗೆ ಯಾವ ಕಾಯಿಲೆ ಇತ್ತು, ಯಾಕೆ ಕೊಟ್ಟರು, ಆಮೇಲೆ ಕೇಳಿಕೊಂಡು ಬಂದರಾ... ಇಷ್ಟಾದರೂ ಕೊಡಬೇಕು. ಹೋದ ವರ್ಷ ಡಾಕ್ಟರು "ನಿಮ್ಮ ತಂದೆ ತಾಯಿಗೆ ಶುಗರ್ ಇತ್ತಾಮ್ಮ?" ಅಂದಾಗ ಅವ್ವ ನನ್ನ ಮುಖ ನೋಡಿದಳು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಒಂದು ಮಾತು ಆರು ವರ್ಷ ಮುಚ್ಚಿಟ್ಟಿದ್ದೆ. ಅಜ್ಜಿ ಸಾಯುವ ಮುಂಚೆ ಹೇಳಿದ್ದಳು. ಬರ ಕಳೆದ ಮೇಲೆ ಒಬ್ಬ ಗಂಡಸು ಮನೆ ಮುಂದೆ ಬಂದು ಕುಡಿಯಲು ನೀರು ಕೇಳಿದನಂತೆ. ಅಂಗಳದಲ್ಲಿ ಆಡುತ್ತಿದ್ದ ಕೂಸನ್ನು ನೋಡುತ್ತಾ ಬಹಳ ಹೊತ್ತು ಕೂತನಂತೆ. ಏನೂ ಹೇಳದೆ ಎದ್ದು ಹೋದನಂತೆ. ಅಜ್ಜಿಗೆ ಯಾರೆಂದು ತಿಳಿಯಿತು. "ಯಾವೂರು ಅಂತ ಕೇಳಿದ್ರೆ ಎಲ್ಲಿ ಕರ್ಕೊಂಡು ಹೋಗಿಬಿಡ್ತಾನೋ ಅಂತ ಕೇಳ್ಲಿಲ್ಲ ಕಣಪ್ಪಾ" ಅಂದಿದ್ದಳು. ಅವ್ವನಿಗೆ ನೋವಾಗುತ್ತದೆ ಅಂತ ನಾನೂ ಸುಮ್ಮನಿದ್ದೆ. ಅಜ್ಜಿ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಈ ಸಲ ಊರಿಗೆ ಹೋದಾಗ ಹೇಳಿಬಿಟ್ಟೆ. ಅವ್ವ ಅಳಲಿಲ್ಲ, ಅಜ್ಜಿಯನ್ನು ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ನೀರು ಕೊಟ್ರಂತಾ?"

ಮಜ್ಜಿಗೆ ಕೊಟ್ಟಿದ್ದಳಂತೆ ಅಂದೆ. "ಸದ್ಯ" ಅಂದಳು.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಾತು ಯಾರ ಬಾಯಲ್ಲೋ ಉಳಿದಿರಬಹುದು. ಅವರಿರುವಾಗಲೇ ಕೇಳಿ ಬರೆದಿಡಿ. ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಹೆಳವರು ಬರೆಯದಿದ್ದರೇನು, ನಾವು ಬರೆಯಬಹುದಲ್ಲ?