ಶಾಯಿಗಿಂತ ಮೊದಲು ಪಟ್ಟಿ ನೋಡಿ

2023ರ ಮೇ 10. ನಾನು ಮೊದಲ ಸಲ ಮತ ಹಾಕಿದ ದಿನ. ಶಾಯಿ ಹಚ್ಚಿದ ಬೆರಳಿನ ಫೋಟೊ ತೆಗೆದುಕೊಳ್ಳುತ್ತಾ ಹೊರಬಂದರೆ, ನಮ್ಮ ಬೀದಿಯ ಅಜ್ಜಿಯೊಬ್ಬರು ಶಾಲೆಯ ಗೇಟಿನ ಬಳಿ ಕುಳಿತಿದ್ದರು. ಕೈಯಲ್ಲಿ ಗುರುತಿನ ಚೀಟಿ ಇತ್ತು, ಬೆರಳಲ್ಲಿ ಶಾಯಿ ಇರಲಿಲ್ಲ. ‘ಪಟ್ಟೀಲಿ ನನ್ ಹೆಸರೇ ಇಲ್ವಂತೆ ಕಣವ್ವ. ಇಷ್ಟು ವರ್ಷ ವೋಟ್ ಹಾಕಿದೀನಿ, ಈಗ ನಾನು ಲೆಕ್ಕಕ್ಕೇ ಇಲ್ವಾ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ವಿಚಾರಿಸಿದಾಗ ಸಂಗತಿ ತಿಳಿಯಿತು. ಅವರ ಮಗ ಬಾಡಿಗೆ ಮನೆ ಬದಲಿಸಿದ್ದರು. ಹಳೆಯ ವಿಳಾಸದಲ್ಲಿ ವಾಸವಿಲ್ಲವೆಂದು ಹೆಸರು ತೆಗೆದುಹಾಕಲಾಗಿತ್ತು. ಹೊಸ ವಿಳಾಸದಲ್ಲಿ ಸೇರಿಸಲು ಯಾರೂ ಅರ್ಜಿ ಕೊಟ್ಟಿರಲಿಲ್ಲ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಆದರೂ ಒಂದು ಮತ ಹೋಯಿತು.

ಚುನಾವಣಾ ಅಕ್ರಮ ಎಂದರೆ ಹಣ, ಹೆಂಡ, ಸೀರೆ ಎಂದಷ್ಟೇ ನಾವು ತಿಳಿದಿದ್ದೇವೆ. ಅದನ್ನು ತಡೆಯಬೇಕು, ನಿಜ. ಹಂಚುವುದು ಕಂಡರೆ ಫೋಟೊ ತೆಗೆದು ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಡಬಹುದು, ಹೆಸರು ಹೇಳಬೇಕೆಂದೂ ಇಲ್ಲ. ಆದರೆ ಚುನಾವಣೆಯ ಬುಡ ಇರುವುದು ಮತದಾರರ ಪಟ್ಟಿಯಲ್ಲಿ. ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲಂತೂ ಹೊಸ ಹೆಸರು ಸೇರುವುದಿಲ್ಲ. ಮತದಾನದ ದಿನ ಸ್ವಯಂಸೇವಕರಾಗಿ ಓಡಾಡುವ ಉತ್ಸಾಹ ಒಳ್ಳೆಯದೇ, ಆದರೆ ಅಜ್ಜಿಯಂಥವರಿಗೆ ಅದು ತಡವಾದ ಸಹಾಯ.

ಹಾಗಾಗಿ ಲೋಕಸಭಾ ಚುನಾವಣೆಗೆ ತಿಂಗಳುಗಳ ಮೊದಲೇ ಕಾಲೇಜಿನ ನಾವು ಐವರು ನಮ್ಮ ಬೀದಿಯ ಪಟ್ಟಿ ಹಿಡಿದು ಮನೆಮನೆಗೆ ಹೋದೆವು. ಹೊಸಬರಿಗೆ ನಮೂನೆ 6, ಮನೆ ಬದಲಿಸಿದವರಿಗೆ, ತಪ್ಪು ತಿದ್ದಿಸಬೇಕಾದವರಿಗೆ ನಮೂನೆ 8. ಕಷ್ಟವಾಗಿದ್ದು ನಮೂನೆ 7. ‘ತೀರಿಕೊಂಡ ಅಪ್ಪನ ಹೆಸರು ಪಟ್ಟಿಯಲ್ಲಿದೆ, ತೆಗೆಸೋಣವೇ?’ ಎಂದು ಕೇಳುವುದು ಸುಲಭವಲ್ಲ. ಆದರೆ ಸತ್ತವರ ಹೆಸರು ಪಟ್ಟಿಯಲ್ಲಿ ಉಳಿದರೆ ಕಳ್ಳಮತಕ್ಕೆ ಬಾಗಿಲು ತೆರೆದಿಟ್ಟಂತೆ.

‘ಇದು ಸರ್ಕಾರದ ಕೆಲಸ, ನಿಮಗ್ಯಾಕೆ?’ ಎಂದವರೂ ಇದ್ದರು. ಕೆಲಸ ಸರ್ಕಾರದ್ದೇ. ಆದರೆ ಬಿಎಲ್‌ಒಗಳಲ್ಲಿ ಹಲವರು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ನಿತ್ಯದ ಕೆಲಸದ ಜೊತೆಗೆ ಇದನ್ನೂ ಮಾಡಬೇಕು. ಯಾವ ಮನೆ ಖಾಲಿಯಾಯಿತು, ಯಾವ ಮನೆಗೆ ಸೊಸೆ ಬಂದಳು ಎಂಬುದು ಅವರಿಗಿಂತ ಮೊದಲು ಬೀದಿಯವರಿಗೆ ಗೊತ್ತು.

ಸಹಾಯಕ್ಕೂ ಒಂದು ಗೆರೆ ಇರಬೇಕು. ವೃದ್ಧರನ್ನು ಕರೆತರಲು ಪಕ್ಷವೊಂದರ ಕಾರ್ಯಕರ್ತರು ಕಾರು ಕೊಡುತ್ತೇವೆಂದರು. ನಾವು ಒಪ್ಪಲಿಲ್ಲ. ಅಭ್ಯರ್ಥಿ ಅಥವಾ ಅವರ ಏಜೆಂಟರು ಮತದಾರರಿಗೆ ಉಚಿತ ವಾಹನ ಒದಗಿಸುವುದನ್ನು ಕಾನೂನು ಭ್ರಷ್ಟಾಚಾರವೆಂದೇ ಕರೆಯುತ್ತದೆ. ಐವರೂ ದುಡ್ಡು ಹಾಕಿ ಆಟೊ ಗೊತ್ತು ಮಾಡಿದೆವು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಕಣ್ಣು ಕಾಣದ, ಅಶಕ್ತ ಮತದಾರರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆದರೆ ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಒಬ್ಬ ಮತದಾರರಿಗೆ ಮಾತ್ರ ಹೀಗೆ ಜೊತೆಯಾಗಬಹುದು. ಮತವನ್ನು ಗುಟ್ಟಾಗಿಡುತ್ತೇನೆಂದು ಘೋಷಣೆಯನ್ನೂ ಬರೆದುಕೊಡಬೇಕು. ಸಹಾಯದ ಕೈಯೇ ಮತ ಕದಿಯುವ ಕೈ ಆಗದಿರಲಿ ಎಂಬ ಎಚ್ಚರವಿದು.

2024ರ ಏಪ್ರಿಲ್ 26ರಂದು ಅಜ್ಜಿ ಕೋಲೂರಿಕೊಂಡು ತಾವೇ ಒಳಗೆ ಹೋಗಿ ಮತ ಹಾಕಿ ಬಂದರು. ಯಾರಿಗೆ ಹಾಕಿದರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ಈ ಸಲ ಹೆಸರಿತ್ತು ಕಣವ್ವ’ ಎಂದಷ್ಟೇ ಅಂದರು.

ಗೆಳೆಯರೇ, ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ಇಂದೇ ನಿಮ್ಮ ಹೆಸರು ನೋಡಿಕೊಳ್ಳಿ. ಆಮೇಲೆ ಪಕ್ಕದ ಮನೆಯ ಅಜ್ಜಿಯದನ್ನೂ ನೋಡಿ. ಅನುಮಾನವಿದ್ದರೆ 1950ಕ್ಕೆ ಕರೆ ಮಾಡಿ.